ಕೀಬೋರ್ಡಿನ ಮೇಲಿನ ಜೋಳದ ಕಾಳು

ಅಲಕಾ,

ಇಚಲಕರಂಜಿಗೆ ಹೊಂಟೇನಿ, ಸಂಜಿಕೆ ಬರ್ತೇನಿ.

ಬಾರಿಸೂ ಹೊಸ ಕೀಬೋರ್ಡಿನ ಗುಂಡಿ ಮ್ಯಾಲಿನ ಜೋಳದ ಕಾಳು ಯಾಕ ಕಿತ್ತಿ? ಇರಿವಿ ಬಂದು ಸಾಯ್ತಾವ ಅಂತನ? ಕಣ್ಣಿಲ್ಲದ ನಿಮ್ಮಣ್ಣಾರಿಗೆ ತಾಳದ ಗುಂಡಿ ಗುರುತು ಸಿಗಲಿ ಅಂತ ನಾನ ಅಂಟಿಸಿದ್ದೆ, ಹುಚ್ಚಿ. ಮುಂಜಾನೆ ಗುಂಡಿ ಎಲ್ಲಾ ಸವರಿ, ಗುರುತು ಸಿಗದ, "ಕಲತದ್ದೆಲ್ಲಾ ಮರತೇನಿ, ಶಾಲನ" ಅಂದ್ರು. ಮತ್ತ ಹೋಗಿ ಮಲಗ್ಯಾರ.

ಅವರು ಎದ್ದ ಕೂಡಲೇ ಕಿತ್ತದ್ದು ನೀನ ಅಂತ ಹೇಳು. ಚಹಾ ಆಮ್ಯಾಲ ಕೊಡು.

ಈಗ ಕಾಳಿನ ಬದಲಿ ಟಿಕಳಿ ಹಚ್ಚೇನಿ, ಇರಿವಿ ಬರೂದಿಲ್ಲ. ಮೊನ್ನೆ ಅವರು ನಿಧಾನದ ತಾಳ ಹಚ್ಚಿದಾಗ ನಾ ಕಣ್ಣು ಮುಚ್ಚಿ ಕೂತಿದ್ದೆ. ನಮ್ಮ ಅಡಿಗಿಮನಿ ಪಂಚಗಂಗಾ ಹೊಳ್ಯಾಗ ತೇಲಿ ಹೋದಂಗಾತು. ಆ ಗುಂಡಿಗೆ ಮಾತ್ರ ನನ್ನ ಹಣಿ ಮ್ಯಾಲಿನ ಟಿಕಳಿ ತಗದು ಹಚ್ಚೇನಿ. ಯಾರದು ಅಂತ ಹೇಳಬ್ಯಾಡ. ಅವರ ಬೆರಳಿಗೆ ಗೊತ್ತಾಗ್ತದ.

ನಿನ್ನ ವೈನಿ, ಶಾಲನ