ನಾನೇ ತಿದ್ದಿಕೊಟ್ಟ ಪತ್ರ

ಜೂನ್ ೧೧, ಬುಧವಾರ

ಒಪ್ಪಂದ ಮುಗಿಯಲು ಹತ್ತೊಂಬತ್ತು ದಿನ ಉಳಿದಿದೆ. ಈ ಶಾಲೆಯವರು ಬಿಡುಗಡೆ ಪತ್ರ ಕೊಡದಿದ್ದರೆ, ಈ ಪರದೇಶದ ಕಾನೂನಿನಂತೆ ಇಲ್ಲಿನ ಬೇರಾವ ಶಾಲೆಯೂ ನನ್ನನ್ನು ಸೇರಿಸಿಕೊಳ್ಳುವುದಿಲ್ಲ. ನಾಲ್ಕು ಸಲ ಅರ್ಜಿ ಕೊಟ್ಟ ಮೇಲೆ ಇವತ್ತು ಉತ್ತರ ಬಂತು.

"ಬೇಜಾರು ಮಾಡ್ಕೋಬೇಡಿ ಮೇಡಂ, ಎಲ್ಲರಿಗೂ ಇದೇ ಕಾಗದ ಕೊಡೋದು," ಎಂದ ಗುಮಾಸ್ತ.

ನನಗೆ ಗೊತ್ತಿಲ್ಲವೇ? "ತಮ್ಮ ಸೇವೆಯನ್ನು ಗೌರವಿಸುತ್ತಲೇ, ಶಾಲೆಯ ಹಿತದೃಷ್ಟಿಯಿಂದ ತಮ್ಮ ಮನವಿಯನ್ನು ಪುರಸ್ಕರಿಸಲಾಗದೆ ವಿಷಾದಿಸುತ್ತೇವೆ." ಕಳೆದ ವರ್ಷ ಗಣಿತದ ಮೇಷ್ಟ್ರಿಗೆ ಕೊಡಲೆಂದು ನಾನೇ ಬರೆದ ವಾಕ್ಯ. ಭಾಷೆ ಕಲಿಸುವವಳೆಂದು ಕಚೇರಿಯ ಕಾಗದಗಳನ್ನೆಲ್ಲ ತಿದ್ದಲು ನನ್ನ ಹತ್ತಿರ ತರುತ್ತಿದ್ದರು. ಪ್ರಿನ್ಸಿಪಾಲರು ಹೊಗಳಿದರೆ ಉಬ್ಬಿಹೋಗುತ್ತಿದ್ದೆ. ಅವರ ಕರಡಿನಲ್ಲಿ 'ಕೊಡುವುದಿಲ್ಲ' ಎಂದಷ್ಟೇ ಇತ್ತು. ನಯವಾಗಿ ಕುತ್ತಿಗೆ ಕೊಯ್ಯುವುದನ್ನು ಕಲಿಸಿಕೊಟ್ಟವಳು ನಾನು.

ಫೋನಿನಲ್ಲಿ ಅಕ್ಕ, "ನೀನೂ ಒಂದು ಖಡಕ್ಕಾಗಿ ಬರಿ, ಚೆನ್ನಾಗಿ ಬರೀತೀಯಲ್ಲ," ಎಂದಳು. ಚೆನ್ನಾಗಿ ಬರೆದದ್ದರ ಫಲವನ್ನೇ ಉಣ್ಣುತ್ತಿದ್ದೇನೆ ಎಂದು ಅವಳಿಗೆ ಹೇಳಲಿಲ್ಲ.

ಅಂದು ಮೇಷ್ಟ್ರು ಆ ಪತ್ರ ಹಿಡಿದು ನನ್ನ ಕೋಣೆಗೇ ಬಂದಿದ್ದರು.

"ಯಾರೋ ಚೆನ್ನಾಗಿ ಬರೆದಿದ್ದಾರೆ. ಜಗಳ ಆಡೋಕೂ ಜಾಗ ಬಿಟ್ಟಿಲ್ಲ ನೋಡಿ," ಎಂದರು.

ನಾನು ಟೀ ಮಾಡಿದೆ. ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದೆನೇ ಹೊರತು, ಬರೆದವಳು ನಾನೇ ಎಂದು ಹೇಳಲಿಲ್ಲ.