ಗುತ್ತಲು ರಸ್ತೆಯ ಮುಚ್ಚಳದ ಪಿಜ್ಜಾ

ಗುತ್ತಲು ರಸ್ತೆ, ಮಂಡ್ಯ
೧೪ ಸೆಪ್ಟೆಂಬರ್ ೨೦೨೪, ಶನಿವಾರ

ಪ್ರೀತಿಯ ವೀಣಾ,

ಅಕ್ಷರ ನೋಡಿದ ಕೂಡಲೇ ಪತ್ರ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ನೋಟ್ಸು ನೋಡಿಕೊಂಡು ಬರೆದವಳು ನೀನೇ ತಾನೆ? ಹರಿದು ಹಾಕಬೇಡ, ಪೂರ್ತಿ ಓದು. ನಾನೂ ನಮ್ಮ ಮನೆಯವರೂ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ ಎಂದು ನನ್ನ ಬಾಯಲ್ಲಿ ಕೇಳಿ ಇಪ್ಪತ್ತು ವರ್ಷವಾಯಿತು, ಅದಕ್ಕೇ ಬರೆಯಲು ಕೈ ಬರುತ್ತಿಲ್ಲ.

ನಿನ್ನ ಮದ್ದೂರಿನ ಅಂಗಡಿ ಮುಚ್ಚಿದ್ದನ್ನು ನನ್ನ ಮಗಳು ಯಾಸ್ಮಿನ್ ಹೇಳಿದಳು. ಹೊಸ ಹೈವೇ ಊರನ್ನು ಹೊರಗಿಟ್ಟು ಹೋದ ಮೇಲೆ ಕಾರುಗಳು ಒಳಗೆ ಬರುವುದೇ ನಿಂತುಹೋಯಿತಂತೆ. ನಾನು ಖುಷಿಪಟ್ಟೆ ಅಂತ ಮಾತ್ರ ತಿಳಿಯಬೇಡ. ಆ ದಿನ ನಮ್ಮ ಮನೆಯಲ್ಲಿ ಸಾರು ಸೀದುಹೋಯಿತು. ಒಲೆಯ ಮುಂದೆಯೇ ನಿಂತಿದ್ದೆ, ಗೊತ್ತೇ ಆಗಲಿಲ್ಲ.

ಬರೆಯಲು ಕಾರಣ ಬೇರೆ ಇದೆ. ನಾಗಶ್ರೀ ಅಂತ ಒಬ್ಬರು ಕಾಲೇಜು ಮೇಡಂ, ನಮ್ಮೂರಿನ ಒಂದು ವಾರಪತ್ರಿಕೆಗೂ ಬರೆಯುತ್ತಾರೆ. ಮುಚ್ಚಿಹೋದ ಮೂರು ಪಿಜ್ಜಾ ಅಂಗಡಿಗಳ ನೆನಪು ಅಂತ ಒಂದು ಲೇಖನ ಬರೆದಿದ್ದಾರೆ. ಮಂಡ್ಯದ ನಮ್ಮದು, ಮದ್ದೂರಿನ ನಿನ್ನದು, ಮಳವಳ್ಳಿಯ ಮೋಹಿನಿಯದು. ಸೋಮವಾರ ಅದನ್ನು ನನಗೆ ಓದಲು ಕೊಟ್ಟು, ತಪ್ಪಿದ್ದರೆ ಹೇಳಿ ಆಂಟಿ ಅಂದರು. ಎರಡನೇ ಪುಟದಲ್ಲಿ ಹೀಗಿತ್ತು: ಶಮೀಮ್ ಬಾನು ಅವರ ಪಿಜ್ಜಾವನ್ನು ಕದ್ದು ವೀಣಾ ಮದ್ದೂರಿನಲ್ಲಿ ಅಂಗಡಿ ತೆರೆದರೆಂದು ಊರಿನವರು ಹೇಳುತ್ತಾರೆ. ಓದಿ ಪುಟ ಮಡಚಿಟ್ಟೆ. ಶನಿವಾರ ಬಾರಮ್ಮ, ಹೇಳುತ್ತೇನೆ ಅಂತ ಕಳಿಸಿದೆ. ಅದು ಅಚ್ಚಾದರೆ ಇನ್ನು ಅಳಿಸಲು ಆಗುವುದಿಲ್ಲ, ನಿನ್ನ ಮೊಮ್ಮಕ್ಕಳೂ ಓದುತ್ತಾರೆ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ. ಯಾಕೆ ಅಂತ ಈಗ ಕೇಳಬೇಡ.

ತೊಂಬತ್ತೆಂಟರಲ್ಲಿ ನೀನು ಮದುವೆಯಾಗಿ ನಮ್ಮ ಬೇಕರಿಯ ಹಿಂದಿನ ಬಾಡಿಗೆ ಮನೆಗೆ ಬಂದೆ. ನಿಮ್ಮ ಯಜಮಾನರು ಸ್ವಾಮಿಯವರು ಬೆಳಿಗ್ಗೆ ಕರೆಂಟು ಆಫೀಸಿಗೆ ಹೋದರೆ ನೀನು ಸೀದಾ ಬೇಕರಿಗೆ. ಒಂದು ಮಧ್ಯಾಹ್ನ ಬನ್ನು ಕಟ್ಟಲು ತಂದಿದ್ದ ಹಳೇ ಪೇಪರಿನಲ್ಲಿ ಪಿಜ್ಜಾದ ಚಿತ್ರ ಸಿಕ್ಕಿತು. ಕಪ್ಪು ಬಿಳುಪು ಚಿತ್ರ, ಅದೂ ಅರ್ಧ ಎಣ್ಣೆ ಕುಡಿದಿತ್ತು. ದುಂಡಗಿದೆ, ತ್ರಿಕೋನವಾಗಿ ಕತ್ತರಿಸಿದ್ದಾರೆ ಅನ್ನುವುದಷ್ಟೇ ಕಾಣುತ್ತಿತ್ತು. ಬೇಕರಿಯವರಿಗೆ ದುಂಡಗೆ ಬೇಯಿಸಿ ತ್ರಿಕೋನವಾಗಿ ಕತ್ತರಿಸುವುದು ಅಂದರೆ ದಿಲ್‌ಪಸಂದ್. ಕೆಳಗೊಂದು ಪದರ, ನಡುವೆ ಕೊಬ್ಬರಿ ಹೂರಣ, ಮೇಲೊಂದು ಪದರ. ಇದೂ ಹಾಗೇ, ಒಳಗಿರುವುದು ಖಾರ ಅಷ್ಟೇ ಅಂತ ನಾನು ಜಡ್ಜ್‌ಮೆಂಟ್ ಕೊಟ್ಟೆ. ನೀನೂ ತಲೆ ಆಡಿಸಿದೆ. ನಮ್ಮ ಮನೆಯವರು ಇಸಾಕ್ ಸಾಹೇಬರು, ಹದಿನೈದು ವರ್ಷ ಭಟ್ಟಿಯ ಮುಂದೆ ನಿಂತ ಮನುಷ್ಯ, ಅವರೂ ಹೌದೆಂದರು. ಹೀಗೆ ಮೂರು ಜನ ಬುದ್ಧಿವಂತರು ಸೇರಿ ಮುಚ್ಚಳವಿರುವ ಪಿಜ್ಜಾ ಮಾಡಿದೆವು.

ಎಂಥಾ ಪಿಜ್ಜಾ ಕಣೇ ಅದು! ಸಕ್ಕರೆ ಕಡಿಮೆ ಮಾಡಿದ ಬನ್ನಿನ ಹಿಟ್ಟು ನನ್ನದು. ಸೌದೆ ಭಟ್ಟಿಯ ಹದ ನಮ್ಮ ಮನೆಯವರದು. ಈರುಳ್ಳಿ, ದಪ್ಪ ಮೆಣಸಿನಕಾಯಿ, ಡಬ್ಬದ ಚೀಸು ಎಲ್ಲ ಇತ್ತು, ಆದರೂ ಸಪ್ಪೆ ಹೊಡೆಯುತ್ತಿತ್ತು. ಆಗ ನೀನು ತವರಿಗೆ, ಕೊತ್ತತ್ತಿಗೆ ಹೋಗಿ ನಿಮ್ಮಮ್ಮ ಚಿಕ್ಕಬೋರಮ್ಮ ಮಾಡಿದ ಟೊಮೆಟೊ ಗೊಜ್ಜನ್ನು ಹಿಡಿಕೆಯ ತೂಕುಪಾತ್ರೆಯಲ್ಲಿ ತಂದೆ. ಬೆಳ್ಳುಳ್ಳಿ ಕರಿದು, ಕೊನೆಯಲ್ಲಿ ಒಂದು ಚೂರು ಬೆಲ್ಲ ಹಾಕಿ ಒಲೆಯಿಂದ ಇಳಿಸುವ ಗೊಜ್ಜು. ಅದನ್ನು ಸವರಿ ಬೇಯಿಸಿದ ದಿನ ಬೇಕರಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಒಳಗೆ ಬಂದರು.

ಕಾಲೇಜು ಹುಡುಗಿಯರು, ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿದವರು, ಹೆಣ್ಣು ನೋಡಿ ವಾಪಸ್ಸು ಹೊರಟ ಗಂಡಿನ ಕಡೆಯವರು, ಯಾರು ಬರಲಿಲ್ಲ ಹೇಳು. ವೈದ್ಯನಾಥಪುರದ ಕೆಂಪಸಿದ್ದಯ್ಯನನ್ನು ಮರೆತಿಲ್ಲ ತಾನೆ? ಜಮೀನಿನ ಕೇಸಿಗೆ ಕೋರ್ಟಿಗೆ ಬಂದ ದಿನವೆಲ್ಲ ನಮ್ಮಲ್ಲೇ ಊಟ. ಒಂದು ಸಲ ಬಂದು, ಬೆಂಗ್ಳೂರ್ಗೋಗಿದ್ದೆ ಕಣಮ್ಮ, ಅಲ್ಲೂ ಪಿಜ್ಜ ತಿಂದೆ, ಮ್ಯಾಲೆ ಮುಚ್ಚಳನೇ ಆಕಿಲ್ಲ, ಅರ್ಧ ಮಾಡ್ಬುಟ್ಟು ಕೊಡ್ತಾರೆ ಕಳ್‌ನನ್ಮಕ್ಳು, ಅಂತ ಬೈದ. ನಾವಿಬ್ಬರೂ ನಗು ತಡೆಯಲಾಗದೆ ಹಿಟ್ಟಿನ ಮೂಟೆಯ ಹಿಂದೆ ಕೂತುಬಿಟ್ಟಿದ್ದೆವು.

ಮುಂದೆ ನೀನೂ ಸ್ವಾಮಿಯವರ ಜೊತೆ ಬೆಂಗಳೂರಿಗೆ ಹೋಗಿ ನಿಜವಾದ ಪಿಜ್ಜಾ ತಿಂದು ಬಂದೆ. ಮುಚ್ಚಳ ತೆಗೆಯೋಣ ಅಂದೆ. ನಾನು ಆಗುವುದಿಲ್ಲ ಅಂದೆ. ಮಂಡ್ಯದ ಜನ ಆರು ವರ್ಷ ಮೆಚ್ಚಿ ತಿಂದಿದ್ದನ್ನು ಯಾರೋ ಹೇಳಿದರು ಅಂತ ನಾನೇಕೆ ಬದಲಿಸಲಿ? ಆ ಮಾತಿಗೆ ಇವತ್ತಿಗೂ ನಾನು ತಲೆ ತಗ್ಗಿಸುವುದಿಲ್ಲ. ಆದರೆ ಅದಕ್ಕೆ ನಾವು ಬೇರೆಯಾಗಲಿಲ್ಲ. ಅದು ದಿನಾ ಇದ್ದ ಜಗಳ, ಟೀ ಕುಡಿಯುವಾಗ ಮುಗಿಯುತ್ತಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಸ್ವಾಮಿಯವರಿಗೆ ಮದ್ದೂರಿಗೆ ವರ್ಗವಾಯಿತು. ನೀನು ಬಂದು ನನ್ನ ಕೈ ಹಿಡಿದು, ಅಲ್ಲೂ ಒಂದ್ ಅಂಗ್ಡಿ ಮಾಡನ ಕಣೇ ಸಮೀಮಾ, ಇಬ್ರೆಸ್ರೂ ಬೋರ್ಡಲ್ಲಿ ಬರ್ಸನ ಅಂದೆ. ನಾನು ಕೈ ಬಿಡಿಸಿಕೊಂಡೆ. ಓಗೋಳು ಓಗು, ನನ್ನೆಸ್ರು ಆಕ್ಬ್ಯಾಡ ಅಂದೆ. ನೀನು ಅಳುತ್ತಾ ಹೋದೆ. ಮಾರನೇ ದಿನ ಕೆಂಪಸಿದ್ದಯ್ಯ ಬಂದು ವೀಣಮ್ಮ ಎಲ್ಲಿ ಅಂತ ಕೇಳಿದ. ನಮ್ ಪಿಜ್ಜಾನ ಕದ್ಕೊಂಡು ಮದ್ದೂರ್ಗೆ ಓದ್ಲು, ಅಂದೆ.

ಹೌದು ವೀಣಾ. ಆ ಮಾತು ಊರಿನವರದಲ್ಲ. ನನ್ನ ಬಾಯಿಂದಲೇ ಬಂದಿದ್ದು. ಕೆಂಪಸಿದ್ದಯ್ಯ ಅವತ್ತು ಕೋರ್ಟಿನ ಆವರಣದಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಆಮೇಲೆ ಯಾರಾದರೂ ನನ್ನನ್ನೇ ಕೇಳಿದರೆ ನಾನು ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಲೂ ಇರಲಿಲ್ಲ. ತಟ್ಟೆ ಒರೆಸಿಕೊಂಡು ಸುಮ್ಮನಿರುತ್ತಿದ್ದೆ. ಸುಮ್ಮನಿದ್ದರೆ ಜನ ಏನು ತಿಳಿಯುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ನೀನು ನನ್ನ ಬಿಟ್ಟು ಹೋದೆ ಅನ್ನುವುದೇ ನನ್ನ ಸಂಕಟ, ಅದನ್ನು ಹೇಳಿಕೊಳ್ಳಲು ನನ್ನ ಜಂಬ ಬಿಡಲಿಲ್ಲ, ಕದ್ದೆ ಅಂದುಬಿಟ್ಟೆ.

ಇನ್ನೊಂದು ಇದೆ, ಇದನ್ನು ಬರೆಯಲೋ ಬೇಡವೋ ಅಂತ ಎರಡು ಸಲ ಎದ್ದು ನೀರು ಕುಡಿದು ಬಂದೆ. ನೀನು ಹೋದ ಮೇಲೆ ಬೇರೆ ಗೊಜ್ಜು ಮಾಡಿ ನೋಡಿದೆ. ಜನ ಮುಖ ಮುರಿದರು. ನಾಲ್ಕನೇ ದಿನದಿಂದ ಚಿಕ್ಕಬೋರಮ್ಮನ ಗೊಜ್ಜನ್ನೇ ಹಾಕಿದೆ. ಅಂಗಡಿ ಮುಚ್ಚುವವರೆಗೆ, ಹದಿನಾರು ವರ್ಷ, ಅದನ್ನೇ ಹಾಕಿದೆ. ನಿಮ್ಮಮ್ಮನನ್ನು ಒಂದು ಮಾತು ಕೇಳಲಿಲ್ಲ. ಕದ್ದವಳು ನಾನು.

ನಿಮ್ಮಮ್ಮ ಮಂಡ್ಯದ ಸಂತೆಗೆ ಬಂದರೆ ನಮ್ಮ ಬೇಕರಿಗೆ ಬರದೆ ಹೋದವರಲ್ಲ. ಸಮೀಮಮ್ಮ, ಒಂಚೂರು ನೀರು ಕೊಡವ್ವ ಅಂತ ಕೂರುತ್ತಿದ್ದರು. ಮಗಳನ್ನು ಕಳ್ಳಿ ಅಂದ ಮೇಲೆ ರಸ್ತೆಯ ಆ ಕಡೆಯಲ್ಲಿ ಬುಟ್ಟಿ ಹೊತ್ತುಕೊಂಡು ನಡೆದುಹೋಗುತ್ತಿದ್ದರು, ತಿರುಗಿಯೂ ನೋಡುತ್ತಿರಲಿಲ್ಲ. ಅವರು ತೀರಿಕೊಂಡಾಗ ನಾನು ಬರಲಿಲ್ಲ ಅಂತ ನೀನು ಅಂದುಕೊಂಡಿದ್ದೀಯ. ಕೊತ್ತತ್ತಿಯ ನಾಲೆ ಸೇತುವೆಯವರೆಗೆ ಆಟೋದಲ್ಲಿ ಬಂದಿದ್ದೆ. ತಮಟೆ ಕೇಳಿಸುತ್ತಿತ್ತು. ಇಳಿಯಲು ಮುಖ ಇರಲಿಲ್ಲ, ಆಟೋ ತಿರುಗಿಸು ಅಂದೆ.

ನೀನು ಮಾತ್ರ ಬೇರೆ ಥರ ನಡೆದುಕೊಂಡೆ. ಯಾಸ್ಮಿನ್ ಮದುವೆಯಾಗಿ ಮದ್ದೂರಿಗೆ ಬಂದ ಮೇಲೆ ನನಗೆ ತಿಳಿಯದ ಹಾಗೆ ನಿನ್ನಲ್ಲಿಗೆ ಹೋಗುತ್ತಿದ್ದಳು. ನಿಮ್ಮಮ್ಮನ ಮಂಡಿನೋವು ಹೆಂಗದೆ ಅಂತ ಪ್ರತಿ ಸಲ ನನ್ನ ವಿಚಾರ ಕೇಳುತ್ತಿದ್ದೆಯಂತೆ. ಒಂದು ದಿನ ಮಂಡ್ಯದ ಮದುವೆ ದಿಬ್ಬಣದವರು ನಿನ್ನ ಅಂಗಡಿಯಲ್ಲೇ ಕೂತು, ಇದು ಆ ಕದ್ದಿದ್ ಪಿಜ್ಜಾನಾ ಅಂತ ನಕ್ಕರಂತೆ. ನೀನು, ಇಟ್ಟು ಕಲ್ಸೋದ್ನ ನಂಗೆ ಸಮೀಮಾನೇ ಕಲ್ಸ್ಕೊಟ್ಟಿದ್ದು, ಅವ್ಳಂಗೆ ಕಲ್ಸಕ್ಕೆ ನಂಗಿನ್ನೂ ಬಂದಿಲ್ಲ, ಅಂದೆಯಂತೆ. ಯಾಸ್ಮಿನ್ ಇದನ್ನು ಹೇಳಿದಾಗ ನಾನು ಅವಳಿಗೇ ಬೈದೆ. ಇನ್ನೇನು ಮಾಡಲಿ, ಬೈಯುವುದೊಂದೇ ನನಗೆ ಸುಲಭವಾಗಿ ಬರುವುದು.

ಈಗ ಹೇಳುತ್ತೇನೆ ಕೇಳು. ವಡೆಯ ಊರಿನಲ್ಲಿ ಪಿಜ್ಜಾ ಮಾರಿ ಇಪ್ಪತ್ತು ವರ್ಷ ನಿಲ್ಲುವುದು ಹುಡುಗಾಟವಲ್ಲ. ಮೈಸೂರಿಗೆ ಹೋಗುವವರು ನಿನ್ನ ಅಂಗಡಿಗೆ ಅಂತಲೇ ಕಾರು ನಿಲ್ಲಿಸುತ್ತಿದ್ದರು. ನಮ್ಮಿಬ್ಬರ ಹತ್ತಿರ ಕಲಿತ ಮೋಹಿನಿ ಮಳವಳ್ಳಿಯಲ್ಲಿ ಬೆಳಕವಾಡಿ ರಸ್ತೆಗೆ ಅಂಗಡಿ ಹಾಕಿ, ಶಿವನಸಮುದ್ರದ ಫಾಲ್ಸ್ ನೋಡಲು ಹೊರಟವರಿಗೆಲ್ಲ, ಮುಚ್ಚಳ ಬೇಕಾ ಬ್ಯಾಡ್ವಾ ಅಂತ ಕೇಳಿ ಕೊಡುತ್ತಿದ್ದಳು. ನಮ್ಮಿಬ್ಬರಿಗಿಂತ ಜಾಣೆ ಅವಳು. ಅಂಗನವಾಡಿಯಲ್ಲಿ ಕೆಲಸ ಸಿಕ್ಕಿದ್ದಕ್ಕೆ ಅವಳದು ಮುಚ್ಚಿತು. ನಮ್ಮ ಮನೆಯವರ ಎದೆಗೆ ಹೊಗೆ ಕೂಡದು ಅಂತ ಡಾಕ್ಟರು ಹೇಳಿದ್ದಕ್ಕೆ ನಮ್ಮದು ಮುಚ್ಚಿತು. ರಸ್ತೆ ಸರಿದಿದ್ದಕ್ಕೆ ನಿನ್ನದು. ಚೆನ್ನಾಗಿಲ್ಲ ಅಂತ ಒಂದೂ ಮುಚ್ಚಲಿಲ್ಲ ವೀಣಾ. ಈಗ ಜನ ಫೋನಿನಲ್ಲಿ ಫೋಟೋ ಹಾಕಿಕೊಂಡು, ಅಂಥ ರುಚಿ ಇನ್ನೆಲ್ಲಿ ಅಂತ ಕೊರಗುತ್ತಾರೆ. ಓದುತ್ತಿದ್ದರೆ ನನಗೆ ದುಃಖವಾಗುವುದಿಲ್ಲ, ಎದೆ ಉಬ್ಬುತ್ತದೆ. ಆ ರುಚಿಯನ್ನು ಮಾಡಿದವರು ನಾವು.

ಇವತ್ತು ಮಧ್ಯಾಹ್ನ ನಾಗಶ್ರೀ ಬಂದರು. ಎಲ್ಲ ಹೇಳಿದೆ. ಪಾಪ, ಆ ಹುಡುಗಿಗೆ ಪೆನ್ನು ಓಡಲಿಲ್ಲ. ನಮ್ಮ ಮನೆಯವರು ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ಇದು ತಪ್ಪು ಅಂತ ಅವತ್ತೇ ಹೇಳಿದ್ದೆ, ಒಪ್ಪಿಕೊಳ್ಳಲು ಇಪ್ಪತ್ತು ವರ್ಷ ಬೇಕಾಯಿತಾ ಅಂದರು. ಮೇಡಂ ಎದುರಿಗೇ ಅತ್ತುಬಿಟ್ಟೆ.

ಕ್ಷಮಿಸು ಅಂತ ಬರೆದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವಾ. ಅದಕ್ಕೇ ಬರೆಯುವುದಿಲ್ಲ. ಸ್ವಾಮಿಯವರಿಗೆ ನನ್ನ ನಮಸ್ಕಾರ ಹೇಳು.

ಇಂತಿ,
ನಿಮ್ಮಮ್ಮನ ಗೊಜ್ಜಿನಿಂದ ಊರಲ್ಲಿ ಹೆಸರು ಮಾಡಿದ,
ಶಮೀಮ್ ಬಾನು

ಮತ್ತೊಂದು ಮಾತು: ನಾಗಶ್ರೀ ಬರೆದ ಲೇಖನ ಬರುವುದಿಲ್ಲ. ಅದರ ಜಾಗದಲ್ಲಿ ಈ ಪತ್ರವೇ ಬರುತ್ತದೆ, ಸಂಜೆ ಅವರನ್ನು ಮತ್ತೆ ಕರೆಸಿ, ಒಂದಕ್ಷರವನ್ನೂ ಬಿಡಬಾರದು ಅಂತ ಹೇಳಿ ಒಂದು ಪ್ರತಿಯನ್ನು ಕೈಗೆ ಕೊಟ್ಟಿದ್ದೇನೆ. ಅಚ್ಚಾದ ದಿನವೇ ಇದನ್ನು ಅಂಚೆಗೆ ಹಾಕುತ್ತೇನೆ, ನಿನಗೆ ತಲುಪುವ ಹೊತ್ತಿಗೆ ಮಂಡ್ಯ, ಮದ್ದೂರು, ಮಳವಳ್ಳಿಯವರೆಲ್ಲ ಓದಿರುತ್ತಾರೆ. ನಿನ್ನನ್ನು ಕೇಳಬೇಕಿತ್ತು, ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಸುಳ್ಳನ್ನು ನಾನು ಊರಿಗೆಲ್ಲ ಹೇಳಿದೆ. ನಿಜವನ್ನು ನಿನಗೊಬ್ಬಳಿಗೇ ಹೇಳಿ ಹಗುರಾಗುವುದು ನ್ಯಾಯವಲ್ಲ. ಬೈಯುವುದಿದ್ದರೆ ನೀನೂ ಪತ್ರಿಕೆಗೇ ಬರೆ, ಎಷ್ಟು ಉದ್ದ ಬರೆದರೂ ಹಾಕಿ ಅಂತ ನಾಗಶ್ರೀಗೆ ಹೇಳಿದ್ದೇನೆ.