ಡೆನ್ವರ್ ಅಷ್ಟೇನೂ ದೂರವಿಲ್ಲ

ವೆಂಡೆಲ್,

ನೀನು ಏಳುವಷ್ಟರಲ್ಲಿ ನಾನು ಒಮಾಹಾ ಬಿಟ್ಟಾಗಿರುತ್ತದೆ. ಡೆನ್ವರ್‌ಗೆ ಹೋಗುತ್ತಿದ್ದೇನೆ. ಇವತ್ತು ನಮ್ಮ ರಸೆಲ್ ಶಿಕ್ಷೆ ಮುಗಿಸಿ ಜೈಲಿನಿಂದ ಹೊರಗೆ ಬರುತ್ತಾನೆ. ಆ ಗೇಟಿನ ಮುಂದೆ ಅಪ್ಪ ಇಲ್ಲದಿದ್ದರೂ ಅಮ್ಮನಾದರೂ ನಿಂತಿರಬೇಕು.

ನಾಲ್ಕು ವರ್ಷದಿಂದ ಅವನನ್ನು ನೋಡಿ ಬರೋಣ ಅಂತ ನಾನು ಕೇಳಿದಾಗಲೆಲ್ಲ ನಿನ್ನದು ಒಂದೇ ಮಾತು: "ಐನೂರು ಮೈಲಿ ಲೊರೆಟಾ, ಅಷ್ಟು ದೂರ ಯಾರು ಹೋಗ್ತಾರೆ?" ಹೆದ್ದಾರಿಯಲ್ಲಿ ಕಾರು ಓಡಿಸಲು ನನಗೆ ಭಯ ಅಂತ ನಿನಗೆ ಗೊತ್ತಿತ್ತು. ನಾನೂ ನಂಬಿಕೊಂಡು ಕೂತೆ. ಮೊನ್ನೆ ಪಕ್ಕದ ಮನೆಯ ಬರ್ನಿಸ್ ನಕ್ಕುಬಿಟ್ಟಳು. "ವಿಮಾನ ಹತ್ತಿದ್ರೆ ಒಂದೂವರೆ ಗಂಟೆ ಕಣೇ. ಕಾಫಿ ಕುಡಿದು ಲೋಟ ಕೆಳಗಿಡೋದ್ರೊಳಗೆ ಇಳಿಸ್ತಾರೆ" ಅಂದಳು. ನೀನು ಕ್ಷೌರದಂಗಡಿಯಲ್ಲಿ ಹರಟೆ ಹೊಡೆಯುವುದೇ ಅದಕ್ಕಿಂತ ಹೆಚ್ಚು ಹೊತ್ತು. ದೂರದ ನೆಪ ಇನ್ನು ನನ್ನ ಹತ್ತಿರ ನಡೆಯುವುದಿಲ್ಲ.

ಬೀನ್ಸ್ ಸೂಪು ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೋ. ಬಿ.ಪಿ. ಮಾತ್ರೆ ಸಿಂಕಿನ ಪಕ್ಕ ಇಟ್ಟಿದ್ದೇನೆ, ಕೋಪದಲ್ಲಿ ನುಂಗುವುದು ಮರೆಯಬೇಡ. ರಸೆಲ್‌ನ ಕೋಣೆಯಲ್ಲಿ ತುಂಬಿಟ್ಟಿರುವ ನಿನ್ನ ಮೀನು ಹಿಡಿಯುವ ಸಾಮಾನನ್ನೆಲ್ಲ ಗ್ಯಾರೇಜಿಗೆ ಸಾಗಿಸು. ಹಾಸಿಗೆಗೆ ಒಗೆದ ಹೊದಿಕೆ ಆಗಲೇ ಹಾಸಿದ್ದೇನೆ.

ನಾಳೆ ಸಂಜೆ ಇಬ್ಬರೂ ಬರುತ್ತೇವೆ. ಅವನ ಜೊತೆ ಮಾತಾಡು ಅಂತ ನಾನು ಹೇಳುವುದಿಲ್ಲ, ಅದು ನಿನಗೆ ಬಿಟ್ಟದ್ದು. ಆದರೆ "ಅವನು ಈ ಮನೆ ಹೊಸಿಲು ತುಳಿಯಕೂಡದು" ಅಂದೆಯಲ್ಲ, ಅದನ್ನು ನಾನು ಯಾವತ್ತೂ ಒಪ್ಪಿಲ್ಲ. ಬಾಗಿಲು ತೆಗೆಯಲು ಮನಸ್ಸಾಗದಿದ್ದರೆ ಕುರ್ಚಿ ಬಿಟ್ಟು ಏಳಬೇಡ. ಬೀಗದ ಕೈ ನನ್ನ ಹತ್ತಿರ ಇದೆ.

ಲೊರೆಟಾ